ಹಿಂದಿನ ಸೀಟಿನ ಮಾತು

ಫೆಬ್ರವರಿ ೩, ಸೋಮವಾರ. ಬೆಳಿಗ್ಗೆ ೭.೪೦, ಪಂಪ್‌ಹೌಸ್

ಇವತ್ತು ಮಫ್ಲರ್. ಕತ್ತಿಗೆ ಎರಡು ಸುತ್ತು, ತುದಿ ಹೆಲ್ಮೆಟ್ಟಿನೊಳಕ್ಕೆ ತುರುಕಿದೆ. ಗಾಳಿ ನುಗ್ಗುವುದು ಅಲ್ಲಿಂದಲೇ, ಗದ್ದದ ಕೆಳಗಿನ ಸಂದಿಯಿಂದ. ಬೈಕಿನ ವೇಗ ಐವತ್ತರವರೆಗೆ ಪರವಾಗಿಲ್ಲ. ಅರವತ್ತಕ್ಕೆ ಮತ್ತೆ ಅದೇ ಮೊರೆತ. ಎಪ್ಪತ್ತರಲ್ಲಿ ಕಿವಿಯ ಪಕ್ಕ ಯಾರೋ ತಗಡು ಎಳೆದುಕೊಂಡು ಹೋದ ಹಾಗೆ. ಇಳಿದ ಮೇಲೂ ಹತ್ತು ನಿಮಿಷ ತಲೆ ಗುಂಯ್ ಅನ್ನುತ್ತಿತ್ತು.

ಇನ್ನೊಬ್ಬ ಪಂಪ್ ಆಪರೇಟರ್, ನಾವೆಲ್ಲ ಮೀಸೆ ಅಂತ ಕರೆಯುವವನು, ರಾತ್ರಿ ಪಾಳಿ ಮುಗಿಸಿ ಹೊರಟಿದ್ದ.

"ಏನ್ ಸಾರ್, ಗಂಟಲು ನೋವಾ?"

"ಇಲ್ಲಪ್ಪ. ಗಾಳಿ ಸದ್ದು ಕಮ್ಮಿ ಮಾಡ್ತಿದೀನಿ."

"ಇಪ್ಪತ್ತು ವರ್ಷದಿಂದ ಇರೋ ಗಾಳಿ ತಾನೇ? ಈಗೇನು ಹೊಸಾ ತಕರಾರು?"

ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ೨೩ನೇ ತಾರೀಖು, ಭಾನುವಾರ, ನನ್ನ ಹೆಂಡತಿ ಬರುತ್ತಾಳೆ. ಎಂಟು ತಿಂಗಳ ಮೇಲೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹದಿನೆಂಟು ಕಿಲೋಮೀಟರ್, ನನ್ನ ಹಿಂದೆ ಕೂತು. ಒಂದು ದಿನದ ಮಟ್ಟಿಗೆ. ಅವಳು ಹಿಂದೆ ಕೂತು ಆಡುವ ಮಾತು ಆವತ್ತಾದರೂ ಕೇಳಿಸಬೇಕು.

ಫೆಬ್ರವರಿ ೬, ಗುರುವಾರ. ಸಂಜೆ

ಮೆಕ್ಯಾನಿಕ್ ಹತ್ತಿರ ಹೋಗಿದ್ದೆ. ಇನ್ನೂ ದೊಡ್ಡ ವಿಂಡ್‌ಶೀಲ್ಡ್ ಹಾಕಿಕೊಡು ಅಂದೆ. ಅವನು ನನ್ನನ್ನು ಗಾಡಿ ಮೇಲೆ ಕೂರಿಸಿ, ನಾಲ್ಕು ಹೆಜ್ಜೆ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದ. ಹುಡುಗಿ ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ.

"ಸಾರ್, ತಪ್ಪು ಇಲ್ಲೇ ಇದೆ. ಈ ಅರ್ಧ ಶೀಲ್ಡು ಗಾಳೀನ ಎತ್ತಿ ಸೀದಾ ನಿಮ್ಮ ಹೆಲ್ಮೆಟ್‌ಗೆ ಹೊಡೀತಿದೆ. ಬಿಚ್ಚಿಬಿಡಿ."

"ಬಿಚ್ಚಿದ್ರೆ ಗಾಳಿ ಜಾಸ್ತಿ ಆಗಲ್ವೇನಪ್ಪಾ?"

"ಗಾಳಿ ಜಾಸ್ತಿ, ಸದ್ದು ಕಮ್ಮಿ. ಎದೆಗೆ ಹೊಡೆದ್ರೆ ಹೊಡ್ಕೊಳ್ಳಿ ಬಿಡಿ. ಎದೆಗೇನು ಕಿವಿ ಇದೆಯಾ?"

ಬಿಚ್ಚಿಸಿದೆ. ಅವನು ಹೇಳಿದ್ದು ನಿಜ. ಎದೆಗೆ ತಣ್ಣಗೆ ಒತ್ತುತ್ತದೆ, ತಲೆಗೆ ಅರ್ಧ ಶಾಂತಿ. ಆ ಶೀಲ್ಡ್ ಹಾಕಿಸಿದ್ದು ಮದುವೆಯಾದ ವರ್ಷ. ಹಿಂದೆ ಕೂತ ಅವಳಿಗೆ ಗಾಳಿ ಬಡಿಯದಿರಲಿ ಅಂತ. ಹದಿನಾಲ್ಕು ವರ್ಷ ಅವಳ ಮಾತನ್ನು ಹಾರಿಸಿಕೊಂಡು ಹೋದದ್ದು ಅದೇ… ಬಿಚ್ಚಿದ್ದನ್ನು ಅಂಗಡಿಯಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಮಂಚದ ಕೆಳಗೆ ಇಟ್ಟಿದ್ದೇನೆ.

ಫೆಬ್ರವರಿ ೭, ಶುಕ್ರವಾರ. ಸಂಜೆ

ಯಾರಿಗೂ ಹೇಳದ್ದು. ಬರೆದರೆ ಹಗುರಾಗುತ್ತದೋ ನೋಡೋಣ.

ಅವಳಿಗೆ ಗಾಡಿ ಹತ್ತಿದರೆ ಮಾತು. ಮನೆಯಲ್ಲಿ ಅಷ್ಟಿಲ್ಲ. ಗಾಡಿ ಹತ್ತಿ, ಎಡಗೈ ನನ್ನ ಭುಜದ ಮೇಲಿಟ್ಟಳೆಂದರೆ ಶುರು. ನನಗೆ ಕೇಳುವುದು ಗಾಳಿ ಮಾತ್ರ. ಮೊದಮೊದಲು "ಏನು?" ಅನ್ನುತ್ತಿದ್ದೆ. ಮೂರು ಸಲ ಕೇಳಿ ಮೂರು ಸಲವೂ ಕೇಳಿಸದಿದ್ದರೆ ಮುಜುಗರ. ಆಮೇಲೆ "ಹೂಂ" ಅನ್ನತೊಡಗಿದೆ. ಭುಜದ ಮೇಲಿನ ಕೈ ಸ್ವಲ್ಪ ಒತ್ತಿದರೆ ಮಾತು ಮುಗಿಯಿತೆಂದು ಲೆಕ್ಕ. ಆಗೊಂದು ಹೂಂ. ಹದಿನಾಲ್ಕು ವರ್ಷ ಇದೇ ಸಂಸಾರ.

ಕಳೆದ ಜೂನ್. ಒಂದು ಭಾನುವಾರ ಇಬ್ಬರೂ ಗಾಡಿಯಲ್ಲಿ ಪೇಟೆಗೆ ಹೋಗಿಬಂದೆವು. ನಾಲ್ಕು ದಿನ ಕಳೆದು ನೋಡಿದರೆ ಸೂಟ್‌ಕೇಸ್ ತುಂಬುತ್ತಿದ್ದಾಳೆ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಹಾಸ್ಟೆಲ್‌ಗೆ. ವಾರ್ಡನ್ ಕೆಲಸಕ್ಕೆ. ಭಾನುವಾರ ಗಾಡೀಲಿ ಎರಡು ಸಲ ಕೇಳಿದೆನಲ್ಲ, ಹೋಗ್ಲಾ ಅಂತ. ಎರಡು ಸಲನೂ ಹೂಂ ಅಂದ್ರಿ. ಬೇಡ ಅಂತೀರೇನೋ ಅಂತ ಸೇತುವೆವರೆಗೂ ಕಾದೆ."

ಆಗಲೇ ಹೇಳಬಹುದಿತ್ತು. ಕೇಳಿಸಿರಲಿಲ್ಲ ಕಣೇ, ಅಂತ. ಆದರೆ ಅದೊಂದು ಹೇಳಿದರೆ ಹದಿನಾಲ್ಕು ವರ್ಷದ್ದೂ ಹೇಳಬೇಕು. ಅವಳ ಅಪ್ಪ ತೀರಿಕೊಂಡಾಗ ಹಿಂದೆ ಕೂತು ಅಷ್ಟುದ್ದಕ್ಕೂ ಮಾತಾಡಿದ್ದಳು. ನಮಗೆ ಮಕ್ಕಳಾಗುವುದಿಲ್ಲವೆಂದು ಡಾಕ್ಟರ್ ಹೇಳಿದ ದಿನವೂ. ಎಲ್ಲದಕ್ಕೂ ಹೂಂ ಅಂದಿದ್ದೆ. ಹೀಗಾಗಿ ಪೆಚ್ಚುನಗೆ ನಕ್ಕು, "ಹೌದಲ್ಲ, ಮರೆತಿದ್ದೆ. ಹೋಗಿ ಬಾ" ಅಂದೆ. ಅವಳ ಮುಖ ಆಗ ಹೇಗಾಯಿತು ಎಂದು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ನನ್ನ ಕೆಲಸವೇ ಕಿವಿಯದು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗೆ ಏನು ಸವೆಯುತ್ತಿದೆ ಎಂದು ತಿಂಗಳ ಮೊದಲೇ ಹೇಳುತ್ತೇನೆ. ಮೀಸೆ ಎಲ್ಲರ ಮುಂದೆ ಹೊಗಳುತ್ತಾನೆ. ಹೊಗಳಿದಾಗಲೆಲ್ಲ ನಾಚಿಕೆಯಾಗುತ್ತದೆ.

ಫೆಬ್ರವರಿ ೯, ಭಾನುವಾರ. ಮಧ್ಯಾಹ್ನ

ಪರೀಕ್ಷೆ ಮಾಡಬೇಕಲ್ಲ. ಹಿಂದೆ ಕೂತು ಮಾತಾಡುವವರು ಬೇಕು. ಯಾರನ್ನು ಕರೆಯಲಿ? ಕೊನೆಗೆ ಅಡುಗೆಮನೆಯ ರೇಡಿಯೋವನ್ನು ಹಿಂದಿನ ಸೀಟಿಗೆ ದಿಂಬು ಕೊಟ್ಟು, ಲಗೇಜ್ ಕಟ್ಟುವ ರಬ್ಬರ್ ಹಗ್ಗದಿಂದ ಬಿಗಿದೆ. ಸದ್ದನ್ನು ಅವಳ ದನಿಯಷ್ಟಕ್ಕೆ ಇಡಬೇಕಿತ್ತು. ಎಷ್ಟು ಅಂತ ನೆನಪು ಮಾಡಿಕೊಳ್ಳಲು ಗೇಟಿನ ಹತ್ತಿರ ಬಹಳ ಹೊತ್ತು ನಿಂತೆ.

ಎದುರುಮನೆ ಟೀಚರ್ ನೋಡಿ, "ಯಾರನ್ನ ಕರ್ಕೊಂಡು ಹೊರಟ್ರಿ?" ಅಂದರು. ವಾರ್ತೆ ಓದುವವರನ್ನು ಅಂದೆ. ಅವರು ನಗಲಿಲ್ಲ. ಪಾಪ ಅನ್ನುವ ಹಾಗೆ ನೋಡಿದರು.

ಶೀಲ್ಡ್ ಇಲ್ಲ, ಮಫ್ಲರ್ ಇದೆ, ಹೆಲ್ಮೆಟ್ಟಿನ ಮೇಲಿನ ಗಾಳಿತೂತಿಗೆ ಟೇಪ್. ನಲವತ್ತರಲ್ಲಿ ನಾಲ್ಕು ಮಾತಿಗೆ ಒಂದು ಕೇಳಿಸಿತು. ಆಮೇಲೆ ಪಂಪ್‌ಹೌಸಿನ ಹಳದಿ ಫೋಮ್ ಪ್ಲಗ್. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ತಳ್ಳಿ, ಉಬ್ಬುವ ತನಕ ಹಿಡಿಯಬೇಕು. ಕಿವಿ ಮುಚ್ಚಿಕೊಂಡರೆ ಏನು ಕೇಳೀತು ಅಂದುಕೊಂಡಿದ್ದೆ. ಆಶ್ಚರ್ಯ! ಪ್ಲಗ್ ತಿಂದದ್ದು ಗಾಳಿಯನ್ನು. ಮಾತು ಉಳಿಯಿತು. ಸಣ್ಣಗೆ, ಆದರೆ ಸ್ಪಷ್ಟ. ಎಂಟು ತಿಂಗಳ ಮೇಲೆ ಬೆನ್ನ ಹಿಂದೆ ಹೆಣ್ಣುದನಿ. ನಾಳೆ ಒಣಹವೆ ಮುಂದುವರಿಯಲಿದೆ, ಅಂದಳು.

ನನಗೇ ಗೊತ್ತಾಗದೆ "ಹೂಂ" ಅಂದಿದ್ದೆ.

ಫೆಬ್ರವರಿ ೧೯, ಬುಧವಾರ

ಹತ್ತು ದಿನ ಬರೆದಿಲ್ಲ. ದಿನಾ ಅದೇ: ಪಂಪು, ಗಾಡಿ, ರೇಡಿಯೋ. ನಿನ್ನೆ ಲೆಕ್ಕ ಸಿಕ್ಕಿತು. ಎಲ್ಲ ಉಪಾಯವೂ ಇದ್ದು ನಲವತ್ತರಲ್ಲಿ ಹೋದರೆ ಒಂದಕ್ಷರವೂ ತಪ್ಪುವುದಿಲ್ಲ. ಐವತ್ತಾದರೆ ಅರ್ಧಂಬರ್ಧ. ಅವಳು ಯಾವಾಗಲೂ ಬೆನ್ನು ತಟ್ಟಿ "ನಿಧಾನ, ನಿಧಾನ" ಅಂತ ಸನ್ನೆ ಮಾಡುತ್ತಿದ್ದಳು. ಹೆದರುಪುಕ್ಕಲಿ ಅಂದುಕೊಂಡಿದ್ದೆ.

ಫೆಬ್ರವರಿ ೨೩, ಭಾನುವಾರ. ಮಧ್ಯಾಹ್ನ ೨.೩೦

ಬಂದಿದ್ದಾಳೆ. ಒಳಗೆ ಬೀರು ತೆಗೆದು ಸರ್ಟಿಫಿಕೇಟ್ ಫೈಲು ಹುಡುಕುತ್ತಿದ್ದಾಳೆ. ಸ್ವಲ್ಪ ತೆಳ್ಳಗಾಗಿದ್ದಾಳೆ. ಹೊಸ ಕನ್ನಡಕ.

ಬರುವಾಗ ಹದಿನೆಂಟು ಕಿಲೋಮೀಟರ್ ನಲವತ್ತರಲ್ಲೇ ಬಂದೆ. ಎಲ್ಲ ಕೇಳಿಸಿತು. ಚೈನಿನ ಸದ್ದು, ಸೆರಗು ಪಟಪಟ ಅನ್ನುವುದು, ಅವಳ ಬ್ಯಾಗಿನ ಜಿಪ್ ಕಿಣಿಕಿಣಿ. ಅವಳು ಮಾತ್ರ ಒಂದು ಮಾತೂ ಆಡಲಿಲ್ಲ. ಕೈ ಭುಜದ ಮೇಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ಹದಿನೆಂಟು ಕಿಲೋಮೀಟರ್ ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ, "ಶೀಲ್ಡ್ ಎಲ್ಲಿ?" ಅಂದಳು.

"ಬಿಚ್ಚಿಸಿದೆ."

"ಒಳ್ಳೇದಾಯ್ತು. ನಂಗೆ ಮೊದಲಿಂದಾನೂ ಅದು ಇಷ್ಟ ಇರ್ಲಿಲ್ಲ. ಹೇಳಿದ್ದೆನಲ್ಲ."

ಹೇಳಿದ್ದಳಂತೆ.

ಸಂಜೆ ೬.೫೦

ಬಸ್ ಹೋಯಿತು. ಬಸ್‌ಸ್ಟ್ಯಾಂಡಿನಲ್ಲೇ ಗಾಡಿ ಸೀಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ವಾಪಸ್ ಹೋಗುವಾಗ, ಪೆಟ್ರೋಲ್ ಬಂಕ್ ದಾಟಿದ ಮೇಲೆ ಭುಜದ ಮೇಲೆ ಕೈ ಬಂತು. ಮೈಯೆಲ್ಲ ಕಿವಿಯಾಗಿ ಕೂತೆ. ಮೊದಲು ಹಾಸ್ಟೆಲಿನ ಮಾತು. ನಲ್ಲಿಯಲ್ಲಿ ನೀರು ಸಣ್ಣ. ಅಡುಗೆಯವಳಿಗೂ ವಾಚ್‌ಮನ್‌ಗೂ ಜಗಳ. ಒಬ್ಬಳು ಹುಡುಗಿ ಜ್ವರದಲ್ಲಿ ಇವಳನ್ನು ಅಮ್ಮ ಅಂದಳಂತೆ. ಎಲ್ಲ ಕೇಳಿಸಿತು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ! ಹೆಲ್ಮೆಟ್ಟಿನೊಳಗೆ ಕಣ್ಣು ಮಂಜಾಗಿ ದಾರಿ ಕಾಣಲಿಲ್ಲ. ಇಷ್ಟು ವರ್ಷ ಇದೆಲ್ಲ ಗಾಳಿಗೆ ಹೋಯಿತಲ್ಲ ಅನ್ನಿಸಿತು.

ಸೇತುವೆ ಬಂತು. ಕೈ ಸ್ವಲ್ಪ ಒತ್ತಿತು.

"ಪರ್ಮನೆಂಟ್ ಮಾಡ್ತಾರಂತೆ ರೀ. ಅಲ್ಲೇ ಇರ್ಬೇಕು ಹಾಗಾದ್ರೆ. ಶುಕ್ರವಾರದೊಳಗೆ ಹೇಳ್ಬೇಕು. ಒಪ್ಕೊಂಡ್ಬಿಡ್ಲಾ?"

ಒಂದೊಂದು ಅಕ್ಷರವೂ ಕೇಳಿಸಿತು. ಕೇಳಿಸಿದ್ದಕ್ಕೇ ಸಂತೋಷಪಡುತ್ತಿದ್ದೆ, ಮೂರ್ಖ. ಕೈ ಒತ್ತಿತ್ತಲ್ಲ. ಬಾಯಿ ತನ್ನಷ್ಟಕ್ಕೆ ತಾನು ಅಂದುಬಿಟ್ಟಿತು:

"ಹೂಂ."

ಕೈ ಭುಜದಿಂದ ಹೋಯಿತು. ಗಾಡಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೇಳೋಣ, ಎದುರಾಬದುರು ನಿಂತು ಹೇಳೋಣ ಅಂದುಕೊಂಡೆ. ಬಸ್ ಹೊರಡಲು ನಿಂತಿತ್ತು. ಹತ್ತಿಯೇಬಿಟ್ಟಳು. ಕಿಟಕಿಯಿಂದ, "ಬರ್ತೀನಿ ರೀ. ಟೈಮಿಗೆ ಸರಿಯಾಗಿ ಊಟ ಮಾಡಿ" ಅಂದಳು.

ನಾನು ಕೈ ಎತ್ತಿದೆ. ಅಷ್ಟೇ ಮಾಡಿದ್ದು. ಜೂನ್‌ನಲ್ಲಿ ಗಾಳಿಯ ಮೇಲೆ ತಪ್ಪು ಹೊರಿಸಬಹುದಿತ್ತು. ಈ ಸಲ ಗಾಳಿ ಇರಲಿಲ್ಲ.

ಫೆಬ್ರವರಿ ೨೭, ಗುರುವಾರ. ಸಂಜೆ ೭.೧೫

ಮೂರು ದಿನ ಫೋನ್ ಹಿಡಿದು ಇಟ್ಟೆ, ಹಿಡಿದು ಇಟ್ಟೆ. ಇವತ್ತು ಮಾಡಿದೆ. ಎತ್ತಿದಳು. ಹಿಂದೆ ಹುಡುಗಿಯರ ಊಟದ ಗದ್ದಲ, ತಟ್ಟೆ ಲೋಟದ ಸದ್ದು. ನಿಲ್ಲಿಸಿದರೆ ಮತ್ತೆ ಧೈರ್ಯ ಬಾರದು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಜೂನ್‌ದು, ಸೇತುವೆಯದು, ಅವಳ ಅಪ್ಪನದು, ಡಾಕ್ಟರದು, ಎಲ್ಲ. ಐದು ನಿಮಿಷ. ಜೀವಮಾನದಲ್ಲಿ ಅಷ್ಟು ಮಾತಾಡಿಲ್ಲ. ಕೊನೆಗೆ, "ಒಪ್ಕೋಬೇಡ ಕಣೇ. ಬಂದ್ಬಿಡು" ಅಂದೆ.

ಅತ್ತಲಿಂದ, "ಹೂಂ. ಹೂಂ."

ಮತ್ತೆ ಅವಳೇ, "ಇಲ್ಲಿ ತುಂಬಾ ಗಲಾಟೆ ರೀ. ಆಮೇಲೆ ಮಾಡ್ತೀನಿ."

ಆ ಹೂಂ ನನಗೆ ಚೆನ್ನಾಗಿ ಗೊತ್ತು. ಅವಳಿಗೆ ಒಂದು ಮಾತೂ ಕೇಳಿಸಿಲ್ಲ. ಹದಿನಾಲ್ಕು ವರ್ಷ ಅವಳು ಇದನ್ನು ಹೇಗೆ ತಡೆದುಕೊಂಡಳೋ.

ರಾತ್ರಿ ಹನ್ನೊಂದಾಯಿತು. ಆಮೇಲೆ ಮಾಡಲೇ ಇಲ್ಲ.

ಫೆಬ್ರವರಿ ೨೮, ಶುಕ್ರವಾರ. ಬೆಳಿಗ್ಗೆ ೫.೪೫

ರಜೆ ಹಾಕಿದೆ. ಮೀಸೆ ಡಬಲ್ ಪಾಳಿ ಮಾಡುತ್ತಾನೆ. "ಯಾಕೆ ಏನು ಅಂತ ಕೇಳಲ್ಲ. ಹುಷಾರಾಗಿ ಹೋಗಿ ಬನ್ನಿ ಸಾರ್" ಅಂದ.

ನೂರ ನಲವತ್ತು ಕಿಲೋಮೀಟರ್. ಅವಳು ಒಪ್ಪಿಗೆ ಹೇಳಬೇಕಾದ ಆಫೀಸ್ ತೆರೆಯುವುದು ಒಂಬತ್ತಕ್ಕೆ. ನಲವತ್ತರಲ್ಲಿ ಹೋದರೆ ಆಗದು. ಹೋಗುವಾಗ ಎಪ್ಪತ್ತು. ಹೋಗುವಾಗ ಹಿಂದೆ ಯಾರೂ ಇಲ್ಲ, ಗಾಳಿ ಎಷ್ಟು ಬೇಕಾದರೂ ಕೂಗಿಕೊಳ್ಳಲಿ.

ಅವಳ ಹೆಲ್ಮೆಟ್ ಒರೆಸಿ ಹಿಂದಿನ ಸೀಟಿಗೆ ಬಿಗಿದಿದ್ದೇನೆ, ರೇಡಿಯೋ ಇದ್ದ ಜಾಗದಲ್ಲಿ. ಖಾಲಿ ವಾಪಸ್ ಬರಬಹುದು. ಬಂದರೆ ಬರಲಿ. ಹಾಸ್ಟೆಲ್ ಗೇಟಿನ ಹತ್ತಿರ ಇಂಜಿನ್ ಆರಿಸುತ್ತೇನೆ. ಹೆಲ್ಮೆಟ್ ತೆಗೆಯುತ್ತೇನೆ. ಪ್ಲಗ್ ತೆಗೆಯುತ್ತೇನೆ. ಅವಳು ಬಾಯಿ ತೆರೆಯುವ ಮೊದಲೇ ಹೇಳಬೇಕು. ಈಗಲೇ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದೆ, ಖಾಲಿ ಕೋಣೆಯಲ್ಲಿ. ದನಿ ಮಧ್ಯದಲ್ಲೇ ಒಡೆಯಿತು. ಇನ್ನೊಂದು ಸಲ. ನೀನು ಕೇಳಿದ್ದು ಎರಡು ಪ್ರಶ್ನೆ, ಜೂನ್‌ನಲ್ಲಿ ಒಂದು, ಮೊನ್ನೆ ಸೇತುವೆಯ ಮೇಲೆ ಒಂದು. ಎರಡಕ್ಕೂ ನನ್ನ ಉತ್ತರ ಒಂದೇ. ಬೇಡ.