ಬೀರುವಿನ ಮೇಲಿನ ಸಕ್ಕರೆ ಗೊಂಬೆ

ಟ್ರಿಯೆಸ್ಟೆ, ನವೆಂಬರ್ ೬

ಮಾನ್ಯ ನುನ್ಸಿಯಾ ಅಮ್ಮನವರಿಗೆ,

ಪಲೆರ್ಮೊದ ನಿಮ್ಮ ಮೇಲ್ಮಹಡಿಯ ಕೋಣೆಯಲ್ಲಿ ಮೂರು ದಿನ ಇದ್ದು ಹೋದ ತುಲ್ಲಿಯೊ ನಾನು. ಮಕ್ಕಳಿಬ್ಬರಿಗೂ ಅವರಮ್ಮನ ಊರು ತೋರಿಸಬೇಕಿತ್ತು. ಚರ್ಚು, ಮೀನುಪೇಟೆ, ಕಡಲು ಎಲ್ಲ ನೋಡಿದರು.

ಸತ್ತವರ ಹಬ್ಬದ ಬೆಳಿಗ್ಗೆ ನೀವು, "ಏನ್ರೋ ಮಕ್ಳಾ, ರಾತ್ರಿ ನಿಮ್ಮಮ್ಮ ಬಂದು ಏನ್ ಬಚ್ಚಿಟ್ಟು ಹೋದ್ಲು?" ಎಂದು ಕೇಳಿದಿರಿ. ತೀರಿಕೊಂಡವರು ಮಕ್ಕಳಿಗೆ ಸಕ್ಕರೆ ಗೊಂಬೆ ತಂದಿಡುವ ನಿಮ್ಮೂರ ಪದ್ಧತಿ ನನಗೆ ತಿಳಿದಿರಲಿಲ್ಲ. "ಮಕ್ಳ ಹತ್ರ ಇದೆಂಥಾ ತಮಾಷೆ?" ಎಂದು ಸಿಡುಕಿದೆ. ಕ್ಷಮಿಸಿ.

ಮಗಳಿಗೆ ಈ ಪದ್ಧತಿಯ ಬಗ್ಗೆ ಅವಳಮ್ಮ ಹಿಂದೆಯೇ ಹೇಳಿದ್ದಳಂತೆ. ಹೊರಡುವಾಗ ಕಾರಿನಲ್ಲಿ ಕೂತು, "ಮಂಚದ್ ಕೆಳಗೆ, ಬೀರು ಹಿಂದೆ ಎಲ್ಲಾ ಹುಡುಕ್ದೆ ಅಪ್ಪಾ. ನಾವ್ ಬಂದಿರೋದು ಅಮ್ಮಂಗೆ ಗೊತ್ತಾಗ್ಲಿಲ್ಲ ಅನ್ಸತ್ತೆ" ಎಂದಳು.

ಅಂಗಡಿಗಳಲ್ಲಿ ಇನ್ನೂ ಉಳಿದಿದ್ದರೆ ದಯವಿಟ್ಟು ಎರಡು ಗೊಂಬೆ ಕಳಿಸಿಕೊಡಿ. ಮಕ್ಕಳ ಕೈಗೆಟುಕದ ಬೀರುವಿನ ಮೇಲೆ ಸಿಕ್ಕಿದವೆಂದು ನೀವೇ ಒಂದು ಸಾಲು ಬರೆಯಿರಿ. ನನ್ನ ಅಕ್ಷರವನ್ನು ಮಗಳು ಗುರುತು ಹಿಡಿಯುತ್ತಾಳೆ.

ಜೊತೆಗೆ ನನ್ನ ಕಪ್ಪು ಛತ್ರಿಯನ್ನೂ ಕಳಿಸಿ. ಅದನ್ನು ತರುತ್ತೇನೆಂದು ಕಾರಿನಿಂದಿಳಿದು ಮೇಲೆ ಬಂದವನು ಮರೆತೇ ಹೋದೆ. ಮಂಚದ ಕೆಳಗೆ ಬಗ್ಗಿ ನಾನೂ ಹುಡುಕುತ್ತಿದ್ದೆ.

ಇತಿ,
ಮೆಲೀನಾಳ ಗಂಡ ತುಲ್ಲಿಯೊ