ನೀವು ಮುಚ್ಚಿಟ್ಟ ಏದುಸಿರು

ಅಶ್ವಿನಿಯ ಪಪ್ಪ,

ಹೀಗೆ ಕರೆದರೇ ನಿಮಗೆ ಗೊತ್ತಾಗುವುದು. ಬದುಕಿದ್ದಾಗಲೂ ನಾನು ನಿಮ್ಮ ಹೆಸರು ಹಿಡಿದು ಕರೆದವಳಲ್ಲ. ನೀವು ಹೋಗಿ ಹದಿನಾಲ್ಕು ವರ್ಷಗಳಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಹೋದ ವಾರ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಹೇಳುವ ಮೊದಲು ಹಳೆಯದನ್ನು ಹೇಳಬೇಕು. ನಿಮಗೆ ಗೊತ್ತಿರುವುದೇ, ಆದರೆ ನನ್ನ ಬಾಯಿಂದ ನೀವು ಕೇಳಿಲ್ಲವಲ್ಲ.

ರಿಪೋರ್ಟು ಬಂದ ದಿನ ಜೋಗೇಶ್ವರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆವು. ಲೋಕಲ್ ರೈಲುಗಳು ಬಂದು ಹೋಗುತ್ತಲೇ ಇದ್ದವು, ನಾವು ಏಳಲಿಲ್ಲ. ನಿಮಗೂ ನನಗೂ ಎಚ್.ಐ.ವಿ. ಇದೆ. ಅಶ್ವಿನಿಗೆ ಇಲ್ಲ. ಅವಳ ಚೀಟಿಯೊಂದನ್ನೇ ನಾನು ಮುಷ್ಟಿಯಲ್ಲಿ ಹಿಡಿದಿದ್ದೆ. "ನನ್ನಿಂದಲೇ ಬಂದದ್ದು ವಾರಿಜ. ಮದುವೆಗೆ ಮೊದಲಿನದ್ದು," ಎಂದಿರಿ. ನಾನು ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ನನ್ನ ಸಿಟ್ಟು ಕೆಲವೇ ತಿಂಗಳಲ್ಲಿ ಕರಗಿಹೋಗಿತ್ತು. ಕರಗಿದೆ ಎಂದು ನಿಮಗೆ ಒಂದು ಮಾತು ಹೇಳಬೇಕೆಂದು ನನಗೆ ಯಾಕೆ ಹೊಳೆಯಲಿಲ್ಲ? ಸುಮ್ಮನಿದ್ದರೆ ನಿಮಗೇ ತಿಳಿಯುತ್ತದೆ ಎಂದುಕೊಂಡೆ. ನೀವೋ, ನನ್ನ ಸುಮ್ಮನಿರುವಿಕೆಯನ್ನು...

ಮಾತ್ರೆ ಶುರುವಾದ ಬೆಳಿಗ್ಗೆ ನಾನು ಹಟ ಹಿಡಿದು ಕೂತಿದ್ದೆ. ಅದನ್ನು ನುಂಗಿದರೆ ಮೈಯೆಲ್ಲ ಸುಟ್ಟುಹೋಗುತ್ತದೆ ಎಂದು ಆಸ್ಪತ್ರೆಯ ಸಾಲಿನಲ್ಲಿ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ನೀವು ನಿಮ್ಮದನ್ನು ನುಂಗಿ, ನೀರು ಕುಡಿದು, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಿರಿ. "ನೋಡು, ಎಂತಾದ್ರೂ ಆಯ್ತಾ ನನಗೆ? ನನಗೆ ಎಂತಾದ್ರೂ ಆದ್ರೆ ನೀನು ತಕೊಳ್ಬೇಡ. ಆಯ್ತಲ್ಲ?" ಎಂದಿರಿ. ನಿಮ್ಮ ಮುಖ ನೋಡುತ್ತಾ ನಾನೂ ನುಂಗಿದೆ. ನೀವು ಹಾಗೆ ಮಾತು ಕೊಡದೆ ಇದ್ದಿದ್ದರೆ ಎಂದು ಈಗಲೂ ಎಷ್ಟೋ ಸಲ ಯೋಚಿಸುತ್ತೇನೆ.

ಗೋರೆಗಾಂವ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಒಮ್ಮೆ ನೀವು ಅರ್ಧದಲ್ಲೇ ಕಂಬಿ ಹಿಡಿದು ನಿಂತುಬಿಟ್ಟಿರಿ. ಹಿಂದಿನವರು ಬೈಯುತ್ತಾ ಪಕ್ಕದಿಂದ ಹತ್ತಿಹೋದರು. "ಎಂತಾಯ್ತು?" ಎಂದೆ. "ಎಂತದ್ದಿಲ್ಲ ಮಾರಾಯ್ತಿ, ಲೋಕಲ್ ನೋಡ್ತಾ ಇದ್ದೆ." ಇಪ್ಪತ್ತು ವರ್ಷ ಅದೇ ಲೋಕಲ್‌ನಲ್ಲಿ ಜೋತಾಡಿ ಹೋಟೆಲಿಗೆ ಹೋದವರು ಲೋಕಲ್ ನೋಡುತ್ತಾರಂತೆ! ನಾನು ನಕ್ಕುಬಿಟ್ಟೆ. ನಿಮ್ಮ ತುಟಿಯಲ್ಲಿ ಬಣ್ಣವಿರಲಿಲ್ಲ. ಉಗುರು ಬಿಳಿಚಿಕೊಂಡದ್ದನ್ನು ನೋಡಿ, ದಿನವಿಡೀ ದೋಸೆ ಹೊಯ್ಯುವವರಲ್ಲವೇ, ಹಿಟ್ಟು ಅಂಟಿರಬೇಕು ಎಂದುಕೊಂಡೆ. ಅಷ್ಟೇ ಅಲ್ಲ, ಮನೆಗೆ ಬಂದು ಮಲಗಿದಾಗಲೆಲ್ಲ ಗದರಿದೆ ಕೂಡ. "ಇಬ್ಬರಿಗೂ ಅದೇ ಮಾತ್ರೆ, ಅದೇ ಗಂಜಿ. ನಾನು ಗಟ್ಟಿಯಾದೆ. ನಿಮಗೆ ಮಾತ್ರ ಎಂತ ಇಷ್ಟು ಉದಾಸೀನ?" ನೀವು ಗೋಡೆ ಕಡೆ ತಿರುಗಿ, "ಸೆಕೆ ಅಲ್ವಾ," ಎಂದಿರಿ. ಅದು ಜನವರಿ.

ರಕ್ತ ಪರೀಕ್ಷೆಗೆಂದು, ಮಾತ್ರೆ ಕೊಡುವ ಸೆಂಟರಿನ ಡಾಕ್ಟರು ಇಬ್ಬರಿಗೂ ಚೀಟಿ ಬರೆದುಕೊಟ್ಟಿದ್ದರು. ನಾನು ಹೋಗಿ ಕೊಟ್ಟು ಬಂದೆ. ನನ್ನ ಹಿಮೋಗ್ಲೋಬಿನ್ ಹನ್ನೊಂದು ಇತ್ತು. ಸಂಜೆ ನೀವು, "ನಾನೂ ಹೋಗಿದ್ದೆ. ನಂದೂ ಹನ್ನೊಂದೇ ಅಂತೆ," ಎಂದು ನಕ್ಕಿರಿ. ಗಂಡ ಹೆಂಡತಿ ಇದರಲ್ಲೂ ಜೋಡಿ ಎಂದು ನಾನೂ ನಕ್ಕೆ. ಮುಂದಿನ ತಿಂಗಳು ಹೋಟೆಲಿನಲ್ಲಿ ರಜೆ ಇಲ್ಲವೆಂದು ಇಬ್ಬರ ಮಾತ್ರೆ ತರಲೂ ನನ್ನನ್ನೇ ಕಳಿಸಿದಿರಿ. ಡಾಕ್ಟರ ಕಣ್ಣಿಗೆ ಬೀಳಬಾರದೆಂದು ಹಾಗೆ ಮಾಡಿದಿರಿ ಎಂದು ನನಗೆ ಹೇಗೆ ತಿಳಿಯಬೇಕು?

ದೋಸೆ ಕಾವಲಿಯ ಮುಂದೆ ನೀವು ಬಿದ್ದಿರಿ ಎಂದು ಹೋಟೆಲಿನಿಂದ ಫೋನ್ ಬಂದಾಗ ನಾನು ಅಶ್ವಿನಿಯ ಜಡೆ ಹೆಣೆಯುತ್ತಿದ್ದೆ. ಅರ್ಧ ಹೆಣೆದ ಜಡೆಯಲ್ಲೇ ಅವಳನ್ನು ಪಕ್ಕದ ಖೋಲಿಯವರ ಹತ್ತಿರ ಬಿಟ್ಟು ಆಸ್ಪತ್ರೆಗೆ ಓಡಿದೆ. ನಿಮ್ಮ ರಕ್ತ ನಾಲ್ಕಕ್ಕೆ ಇಳಿದಿತ್ತು. ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು: ಈ ಔಷಧಿ ಬಹಳ ಜನರಿಗೆ ಒಗ್ಗುತ್ತದೆ, ಕೆಲವರ ಮೈಯಲ್ಲಿ ಮಾತ್ರ ರಕ್ತ ಹುಟ್ಟುವುದನ್ನೇ ತಡೆಯುತ್ತದೆ. ಅದಕ್ಕೇ ಪರೀಕ್ಷೆ ಬರೆದುಕೊಡುವುದು. ಬಂದಿದ್ದರೆ ಬೇರೆ ಮಾತ್ರೆಗೆ ಬದಲಾಯಿಸುತ್ತಿದ್ದೆವು, ಅಷ್ಟೇ. ಅಷ್ಟೇ, ಎಂದರು. "ಯಾಕೆ ಬರಲಿಲ್ಲ ಇವರು?" ಎಂದು ನನ್ನನ್ನೇ ಕೇಳಿದರು.

ಮೊದಲ ಬಾಟಲಿ ರಕ್ತ ಏರುತ್ತಿದ್ದಾಗ ನಾನು ಆ ಪ್ರಶ್ನೆಯನ್ನು ನಿಮಗೆ ಕೇಳಿದೆ. ನೀವು ಒಂದೊಂದೇ ಮಾತನ್ನು ಉಸಿರು ಎಳೆದುಕೊಂಡು ಹೇಳಿದಿರಿ. "ನನಗೆ ಆಗಿಬರ್ಲಿಲ್ಲ ಅಂತ ಗೊತ್ತಾದ್ರೆ ನೀನೂ ಬಿಡ್ತಿದ್ದೆ. ನಿನಗೆ ಹಿಡಿಸಿದೆ ಅದು. ನೀನಾದ್ರೂ ಗಟ್ಟಿಯಾಗ್ಬೇಕು ಅಂತ... ಈ ಕಾಯಿಲೆ ನಾನೇ ಕೊಟ್ಟದ್ದಲ್ವಾ." ಆಗಲಾದರೂ ಹೇಳಬೇಕಿತ್ತು, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಎಂದೋ ಹೋಗಿದೆ ಎಂದು. ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ಹೊರಗೆ ಹೋಗಿ ಎಂದರು. ನಾಳೆ ಹೇಳುತ್ತೇನೆ ಎಂದುಕೊಂಡು ಎದ್ದೆ. ಮರುದಿನ ನಿಮಗೆ ಎಚ್ಚರವಿರಲಿಲ್ಲ. ಅಷ್ಟು ದಿನ ನೀರಿನಂಥ ರಕ್ತವನ್ನು ನೂಕಿ ನೂಕಿ ಹೃದಯ ಸೋತಿದೆ ಎಂದರು. ಮೂರನೆಯ ದಿನ ಮಧ್ಯಾಹ್ನ...

ನೀವು ಹೋದ ಮಾರನೆಯ ಬೆಳಿಗ್ಗೆ ನಾನು ನನ್ನ ಮಾತ್ರೆ ನುಂಗಿದೆ. ಧೈರ್ಯದಿಂದ ಅಲ್ಲ. ಅದಕ್ಕಾಗಿ ನೀವು ಪ್ರಾಣ ಕೊಟ್ಟಿದ್ದೀರಿ, ಚೆಲ್ಲುವುದು ಹೇಗೆ ಎಂದು. ಆಮೇಲೆ ಡಾಕ್ಟರು ನನಗೂ ಅದನ್ನು ಬದಲಾಯಿಸಿದರು. ಈಗ ಕೊಡುವುದು ದಿನಕ್ಕೆ ಒಂದೇ, ರಕ್ತ ಇಳಿಸುವ ಆ ಔಷಧಿ ಇದರಲ್ಲಿ ಇಲ್ಲವಂತೆ. ಅದನ್ನು ಕೇಳಿದ ದಿನ ಸೆಂಟರಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಇದು ಆಗಲೇ ಇದ್ದಿದ್ದರೆ?

ಈಗ ಹೋದ ವಾರದ್ದು. ಅಶ್ವಿನಿಗೆ ಹತ್ತೊಂಬತ್ತು. ನೀವು ಕಾಮಾಲೆಯಿಂದ ಹೋದಿರಿ ಎಂದೇ ಅವಳು ನಂಬಿದ್ದಳು. ನನ್ನ ಮಾತ್ರೆ ಬಿ.ಪಿ.ಗೆ ಎಂದು ಹೇಳಿಕೊಂಡು ಬಂದಿದ್ದೆ. ಭಾನುವಾರ ಡಬ್ಬಿಯನ್ನು ಕೈಯಲ್ಲಿ ಹಿಡಿದು ಎದುರು ನಿಂತಳು. "ಮಮ್ಮಿ, ಇದು ಬಿ.ಪಿ.ದ್ದು ನಹೀ ಹೈ. ನಾನು ಮೊಬೈಲಲ್ಲಿ ನೋಡಿದೆ." ಕೂರಿಸಿ ಎಲ್ಲವನ್ನೂ ಹೇಳಿದೆ, ಸ್ಟೇಷನ್ನಿನ ಬೆಂಚಿನಿಂದ ಹಿಡಿದು. ಅವಳು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಪಪ್ಪ ಆಗ ಸುಳ್ಳು ಹೇಳದೆ ಸಚ್ ಹೇಳಿದ್ರೆ, ನೀನು ಮಾತ್ರೆ ಬಿಡ್ತಿದ್ದೆಯಾ?"

ಇಲ್ಲ ಎನ್ನಬಹುದಿತ್ತು. "ಬಿಡ್ತಿದ್ದೆ," ಎಂದೆ. ನೀವು ನನ್ನನ್ನು ಸರಿಯಾಗಿಯೇ ತಿಳಿದಿದ್ದಿರಿ. ನನಗೆ ತಡೆದುಕೊಳ್ಳಲಾಗದ್ದು ಅದೊಂದೇ. ಆಗ ಅವಳು ಅತ್ತಳು, ನನ್ನ ಮಡಿಲಲ್ಲಿ ಮುಖವಿಟ್ಟು.

ಗುರುವಾರ ಕಾಲೇಜು ಬಿಟ್ಟು ನನ್ನ ಜೊತೆ ಸೆಂಟರಿಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. ನನ್ನ ಫೈಲಿನ ಮೊದಲ ಪುಟದಲ್ಲಿ, ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ನಿಮ್ಮ ಹೆಸರು ಬರೆದು ಹೊಡೆದುಹಾಕಿದ್ದಾರೆ. ಕೆಳಗಿನ ಗೆರೆ ಇಷ್ಟು ವರ್ಷ ಖಾಲಿಯೇ ಇತ್ತು. ಅವಳು ಸಿಸ್ಟರ್ ಹತ್ತಿರ ಪೆನ್ನು ಕೇಳಿ, ತನ್ನ ಹೆಸರನ್ನೂ ನಂಬರನ್ನೂ ಬರೆದಳು. ಇವರಿಗೆ ನೀನು ಏನಾಗಬೇಕು ಎಂದು ಸಿಸ್ಟರ್ ಅವಳನ್ನು ಮೆಲ್ಲಗೆ ಕೇಳಿದರು.

"ಬೇಟಿ ಹೂಂ," ಎಂದಳು ನಿಮ್ಮ ಮಗಳು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ.

ನಿಮ್ಮ,
ವಾರಿಜ