ನೂರಾ ಎಂಬತ್ತು ಪುಟಗಳ ಶೀರ್ಷಿಕೆ

೩ ಮಾರ್ಚ್, ಮಂಗಳವಾರ. ಸಂಜೆ ೫

ಜಲನಗರದ ನನ್ನ ಮನೆಯಲ್ಲಿ ಕಂಪ್ಯೂಟರ್ ಪಾಠ ಎಂದಿನಂತೆ. ಐವರು ವಿದ್ಯಾರ್ಥಿಗಳು, ಎರಡು ಹಳೆಯ ಕಂಪ್ಯೂಟರ್. ಕನಮಡಿಯ ಆಮ್ರಪಾಲಿ ಕೊನೆಗೆ ಉಳಿದಳು. ಅವಳ ಪಿಎಚ್.ಡಿ. ಪ್ರಬಂಧ ಮರಳಿ ಬಂದಿದೆ. ವಿಭಾಗದ ಮುಖ್ಯಸ್ಥರು ಎರಡು ಸಲ ಶೀರ್ಷಿಕೆ ಬದಲಿಸಿದ್ದರು. ಸೊಲ್ಲಾಪುರ ರಸ್ತೆಯ ಟೈಪಿಂಗ್ ಅಂಗಡಿಯ ಸಂಗು ಮುಖಪುಟದಲ್ಲಿ ತಿದ್ದಿದ, ಒಳಗಿನ ಪ್ರಮಾಣಪತ್ರದ ಪುಟದಲ್ಲಿ ಮರೆತ. ಸಲ್ಲಿಸಲು ಇದೇ ೧೩ ಕಡೆಯ ದಿನ. ತಪ್ಪಿದರೆ ನೋಂದಣಿ ರದ್ದು—ಐದು ವರ್ಷದ ಶ್ರಮ!

ಹಳೆಯ ವರ್ಡ್‌ನಲ್ಲಿಯೇ ಉಪಾಯ ತೋರಿಸಿದೆ. ಶೀರ್ಷಿಕೆಯನ್ನು ಮುಖಪುಟದಲ್ಲಿ ಒಮ್ಮೆ ಮಾತ್ರ ಟೈಪ್ ಮಾಡಿ ಬುಕ್‌ಮಾರ್ಕ್ ಎಂಬ ಗುರುತು ಹಾಕುವುದು. ಉಳಿದೆಡೆ, ಪ್ರತಿ ಪುಟದ ತಲೆಯಲ್ಲೂ, ಆ ಗುರುತನ್ನು ನೋಡಿ ಬರೆದುಕೊಳ್ಳುವ ಫೀಲ್ಡ್ ಇಡುವುದು. ಒಂದು ಕಡೆ ತಿದ್ದಿದರೆ ಸಾಕು.

"ಇಷ್ಟ ಏನ್ರಿ ಸರ? ಸಂಗಣ್ಣ ಎರಡ ದಿನಾ ಕುಂತಿದ್ನಲ್ರಿ!"

ನಕ್ಕಳು. ಎಷ್ಟು ಚುರುಕು ಈ ಹುಡುಗಿ.

೬ ಮಾರ್ಚ್, ಶುಕ್ರವಾರ

ಮತ್ತೆ ಬದಲಾವಣೆ. ಮೂರನೆಯ ಸಲ. ಶೀರ್ಷಿಕೆಯಲ್ಲಿ 'ತಿಕೋಟಾ' ಒಂದೇ ಸಾಲದಂತೆ, 'ಬಬಲೇಶ್ವರ'ವೂ ಇರಬೇಕಂತೆ. ಎರಡೂ ಕಡೆಯ ದ್ರಾಕ್ಷಿ ತೋಟಗಳಲ್ಲಿ ಅವಳು ಅಲೆದದ್ದು ಆ ಮಹಾಶಯರಿಗೆ ಈಗ ತಿಳಿಯಿತೇ? ಪ್ರಬಂಧ ಓದಿದ್ದಾರೋ, ಮುಖಪುಟವನ್ನಷ್ಟೇ ಓದುತ್ತಾರೋ...

ಫೋನಿನಲ್ಲಿ ಹೇಳಿದೆ: ಮುಖಪುಟ ತಿದ್ದು, ಸಂಗುವಿಗೆ ಕೊಡು, ಪ್ರಿಂಟ್ ಆಗುವಾಗ ಉಳಿದದ್ದು ತಾನೇ ಬದಲಾಗುತ್ತದೆ.

೯ ಮಾರ್ಚ್, ಸೋಮವಾರ. ಮಧ್ಯಾಹ್ನ ೩

ಬೈಂಡ್ ಆದ ಪ್ರಬಂಧದ ಮುಖಪುಟ ಸರಿಯಿತ್ತು. ಉಳಿದ ನೂರಾ ಎಂಬತ್ತು ಪುಟಗಳ ತಲೆಯಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲು. ಕಚೇರಿಯ ಗುಮಾಸ್ತ ದಶರಥ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದನಂತೆ. "ಇದ್ಯಾವ ಭಾಷಾ ಬೇ? ಮಂತ್ರ ಓದಾಕ ಪೂಜಾರಿನ ಕರಸೂಣೇನು?" ಅವಳು ಅಳಲಿಲ್ಲವಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ಸಿಟ್ಟು.

ನೇರವಾಗಿ ಸಂಗುವಿನ ಅಂಗಡಿಗೆ ಹೋದೆ. ಅಕ್ಷರಗಳ ಫಾಂಟ್ ಕೆಡಿಸಿದ್ದು ನೀನೇ ಎಂದು ಗಿರಾಕಿಗಳ ಮುಂದೆ ಕೂಗಿದೆ.

"ನಾ ಏನೂ ಮುಟ್ಟಿಲ್ರಿ ಮಾಸ್ತರ. ಆಕಿ ಕೊಟ್ಟಿದ್ದ ಹಂಗ ಹೊಡದೇನಿ. ಕೈಲೇ ತಿದ್ದಿದ್ರ ನಾಕ ಕಡಿ ತಪ್ಪತಿತ್ತು. ನಿಮ್ಮ ಜಾದೂದಾಗ ನೂರಾ ಎಂಬತ್ತ ಕಡಿ ತಪ್ಪೇತಿ!"

ಅಂಗಡಿಯೇ ನಕ್ಕಿತು.

೧೦ ಮಾರ್ಚ್. ಬೆಳಿಗ್ಗೆ

ಅವಳ ಪ್ರಬಂಧದ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದೆ. ಆ ವಿಚಿತ್ರ ಸಾಲನ್ನು ಇಂಗ್ಲಿಷ್ ಫಾಂಟಿಗೆ ಬದಲಿಸಿದ ಕೂಡಲೇ ಓದಲು ಬಂತು—ಎರರ್, ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್; ಅಂದರೆ ನೋಡಿ ಬರೆಯಬೇಕಾದ ಮೂಲವೇ ಸಿಗಲಿಲ್ಲ. ಯಂತ್ರ ಇಂಗ್ಲಿಷಿನಲ್ಲಿ ದೂರಿದೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಅಕ್ಷರ ತೋರಿಸುವ ನಮ್ಮ ಹಳೆಯ ಫಾಂಟ್ ಆ ದೂರನ್ನು ಕನ್ನಡದ ವೇಷದಲ್ಲಿ ಮುಚ್ಚಿದೆ.

ಗುರುತು ಇಲ್ಲವಾಗಿತ್ತು. ಹಳೆಯ ಶೀರ್ಷಿಕೆಯನ್ನು ಪೂರ್ತಿ ಆಯ್ದು, ಅದರ ಮೇಲೆಯೇ ಹೊಸದನ್ನು ಟೈಪ್ ಮಾಡಿದ್ದಾಳೆ. ಹಾಗೆ ಮಾಡಿದರೆ ಬುಕ್‌ಮಾರ್ಕ್ ಕೂಡ ಅಳಿಸಿಹೋಗುತ್ತದೆ. ಗುರುತಿನ ಒಳಗೇ ತಿದ್ದಬೇಕು. ಅವಳಿಗೆ ಯಾರು ಹೇಳಿದ್ದರು? ನಾನು ಹೇಳಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನು! ತಪ್ಪು ನನ್ನದು, ನಗೆಗೀಡಾದವಳು ಅವಳು, ಬೈಗುಳ ತಿಂದವನು ಸಂಗು.

ಅವಳಿಗೆ ಫೋನಿನಲ್ಲಿ ಒಪ್ಪಿಕೊಂಡೆ. "ಇರ್ಲಿ ಬಿಡ್ರಿ ಸರ. ಅದs ಹೆಸರಿನ ಗುರ್ತು ಮತ್ತ ಹಾಕಿದ್ರ ಎಲ್ಲಾ ವಾಪಸ್ ಬರ್ತೈತಿಲ್ರಿ? ನಾನs ಹಾಕ್ತೇನಿ." ಹೌದು, ಬರುತ್ತದೆ.

ಸಂಗುವಿನ ಬಳಿಗೂ ಹೋಗಿ ಕ್ಷಮೆ ಕೇಳಿದೆ. ಚಹಾ ತರಿಸಿದ.

೧೩ ಮಾರ್ಚ್, ಶುಕ್ರವಾರ. ೧೧.೪೦, ವಿಭಾಗದ ಹೊರಗಿನ ಬೆಂಚು

ಪ್ರತಿ ಪುಟವೂ ಸರಿ: 'ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳ ಹೆಣ್ಣಾಳುಗಳು'. ಒಳಗೆ ಮುಖ್ಯಸ್ಥರ ಎದುರು ಅವಳು, ಬಾಗಿಲು ಅರೆ ತೆರೆದಿತ್ತು. ಅವರ ಮಾತು ಕೇಳಿಸಿತು:

"ಹೆಣ್ಣಾಳು ಅನ್ನೂದು ಹಳ್ಳಿ ಮಾತವಾ. 'ಮಹಿಳಾ ಶ್ರಮಶಕ್ತಿ' ಮಾಡು. ಒಂದ ಕಡಿ ತಿದ್ದಿದ್ರ ಎಲ್ಲಾ ಕಡಿ ಆಗ್ತೈತಂತಲ್ಲ."

ನಾಲ್ಕನೆಯ ಸಲ! ತಿದ್ದುವುದು ಸುಲಭವಾಯಿತೆಂದು ಇವರಿಗೆ ಇನ್ನಷ್ಟು ಧೈರ್ಯ. ಆದರೂ—ನಾಚಿಕೆಯಾಗುತ್ತದೆ—ಒಪ್ಪಿಕೋ ಮಗಳೇ ಎಂದು ಹೇಳಲು ಎದ್ದಿದ್ದೆ. ಅಷ್ಟರಲ್ಲಿ ಅವಳ ದನಿ:

"ಆಗ್ತೈತ್ರಿ ಸರ, ಎರಡ ನಿಮಿಷದಾಗ. ಆದ್ರ ನಮ್ಮವ್ವ ಹಿಡದು ತೋಟದಾಗ ದುಡಿಯೂ ಅರವತ್ತ ಮಂದಿ ತಮ್ಮನ್ನ ಹಂಗs ಕರಕೊಂಡಾರ್ರಿ. ಒಳಗ ಬರದೇನಿ. ನಾ ಬದಲ ಮಾಡಂಗಿಲ್ರಿ."

ದಶರಥ ಬಂದು ಬಾಗಿಲು ಹಾಕಿದ. ಇಪ್ಪತ್ತು ನಿಮಿಷವಾಯಿತು. ಏನೂ ಕೇಳುತ್ತಿಲ್ಲ. ಬಾಗಿಲು ಬಡಿಯಲೇ? ನನ್ನ ಮಾತು ಅವಳಿಗೆ ಬೇಕಾಗಿದೆಯೇ?

ತೆರೆಯಿತು. ಅವಳೇ. ಮುಖದಿಂದ ಏನೂ ತಿಳಿಯದು. "ಸರ, ಪೆನ್ ಕೊಡ್ರಿ ಲಗೂನ, ಅವರ ಪೆನ್ನಿನ್ಯಾಗ ಇಂಕ್ ಇಲ್ಲ, ಅದs ಶೀರ್ಷಿಕೆಗೆ ಸಹಿ ಅರ್ಧಕ್ಕs..."

ಬರೆಯುತ್ತಿರುವ ಇದೊಂದೇ ಪೆನ್ನು ನನ್ನ ಬಳಿ—